ಓದಲು ಬರುವವರೆಗೆ

ಆ ಹಳೆಯ ಲೂಥರನ್ ಚರ್ಚಿನ ಚರಿತ್ರೆ ಬೇಕಿದ್ದವರು ಬಾಗಿಲ ಪಕ್ಕದ ಅಮೃತಶಿಲೆಯ ಫಲಕ ನೋಡಬಹುದು. ನೆಲ ಕೊಟ್ಟ ವ್ಯಾಪಾರಿ, ಗೋಪುರ ಕಟ್ಟಿಸಿದ ಹಡಗಿನ ಯಜಮಾನ, ಆರ್ಗನ್ ತರಿಸಿದ ಅವನ ಸೊಸೆ, ಎಲ್ಲರೂ ಅಲ್ಲಿದ್ದಾರೆ. ಚರ್ಚಿನ ಬಟ್ಟೆ ಒಗೆದವಳು ಇಲ್ಲ. ಅವಳ ಮಗಳಂತೂ ಇಲ್ಲವೇ ಇಲ್ಲ. ಕಳೆದ ತಿಂಗಳು ತೀರಿಕೊಂಡ ಆ ಮಗಳ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆಯಬೇಕಲ್ಲ.

ಊರಿಗೆಲ್ಲ ಅವಳು ಚಿಕ್ಕಮ್ಮ. ಗಂಟೆ ಹೊಡೆಯುವುದು, ಬೆಂಚು ಒರೆಸುವುದು, ಚರ್ಚಿನ ಹಿಂದಿನ ಸ್ಮಶಾನ ಗುಡಿಸುವುದು ಅವಳ ಕೆಲಸ. ಅವಳ ತಾಯಿ ಪೂಜಾಪೀಠದ ಬಿಳಿ ಹಾಸುಗಳನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಡುತ್ತಿದ್ದವಳು. ಗಂಡನೆನಿಸಿಕೊಂಡವನು ಎಂದೋ ಕೈಬಿಟ್ಟು ಹೋಗಿದ್ದ. ಕೂತರೆ ಒಬ್ಬಳು ಗೋಡೆಗೆ, ಒಬ್ಬಳು ಬಾಗಿಲಿಗೆ ಒರಗಬೇಕಾದಷ್ಟು ಸಣ್ಣ ಕೋಣೆಯಲ್ಲಿ ತಾಯಿ ಮಗಳು ಬದುಕಿದರು. ತಾಯಿ ಸತ್ತ ಮೇಲೆ ಚಿಕ್ಕಮ್ಮ ಮದುವೆಯ ಮಾತೆತ್ತಿದವರನ್ನೆಲ್ಲ ನಗಾಡಿ ಕಳಿಸಿದಳು. "ನನ್ನ ಜಾಗ ಅಮ್ಮನ ಪಕ್ಕ. ಆಗ್ಲೇ ಕರವಸ್ತ್ರ ಹಾಕಿ ಬಂದಿದ್ದೀನಿ" ಎನ್ನುತ್ತಿದ್ದಳು, ಬಸ್ಸಿನ ಸೀಟಿನ ಬಗ್ಗೆ ಹೇಳುವ ಹಾಗೆ.

ಸತ್ತವರಲ್ಲೂ ಓಣಿಗಳಿವೆ. ಬಾಗಿಲ ಹತ್ತಿರ ಉಳ್ಳವರ ಗ್ರಾನೈಟು. ಹಿಂಗೋಡೆಯ ನೆರಳಿನಲ್ಲಿ ಕೂಲಿಗಳ, ದಾದಿಯರ, ಬಟ್ಟೆ ಒಗೆಯುವವರ ಸುಣ್ಣಕಲ್ಲು. ಅದು ಅಗ್ಗದ್ದು, ಮೆತ್ತನೆಯದು. ಬಡವರನ್ನು ಹೂಳಿದ್ದನ್ನು ಹಿಂದೆ ಯಾರೂ ಬರೆದಿಡುತ್ತಿರಲಿಲ್ಲ, ಕಲ್ಲೇ ಗತಿ. ಲೂಥರನ್ನರಿಗೆ ಓದು ಎಂದರೆ ಪ್ರಾಣ. ಪ್ರತಿಯೊಬ್ಬರೂ ತಮ್ಮ ತಾಯ್ನುಡಿಯಲ್ಲೇ ದೇವರ ವಾಕ್ಯ ಓದಿಕೊಳ್ಳಲಿ ಎಂದು ಹೊರಟ ಪಂಥ. ಈ ಚರ್ಚಿನ ಹಿರಿಯರು ಗೋರಿಗಳಿಗೂ ಅದೇ ಅಳತೆಕೋಲು ಹಿಡಿದರು: ಕಲ್ಲಿನ ಮೇಲಿನ ಹೆಸರು ಓದಲು ಬರುವವರೆಗೆ ಆ ಜಾಗ ಆ ಮನೆಯವರದು, ಅಕ್ಷರ ಅಳಿದು ಓದಲು ಬರದಾದರೆ ಬೇರೆಯವರಿಗೆ. ನಿಯಮ ಮಾಡಿದವರೆಲ್ಲ ಗ್ರಾನೈಟಿನ ಕೆಳಗೆ ಮಲಗಿದ್ದಾರೆ ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಚರ್ಚಿನ ದೊಡ್ಡ ವಾರ್ಷಿಕೋತ್ಸವ ಬಂತು. ಸಮಿತಿಯ ಅಧ್ಯಕ್ಷ, ಔಷಧಿ ಅಂಗಡಿಯವನು, ಒಂದು ಕ್ಯಾನ್ ಆಸಿಡ್ ತಂದಿಟ್ಟ. ತನ್ನ ಅಜ್ಜನ ಗ್ರಾನೈಟಿನ ಮೇಲೆ ಹಾಕಿ ನೋಡಿದ್ದ, ಫಳಫಳ ಹೊಳೆದಿತ್ತು.

"ಚಿಕ್ಕಮ್ಮಾ, ಬಿಷಪ್ಪು ಬರ್ತಾರೆ. ಹಿಂದಿನ ಸಾಲೆಲ್ಲ ಪಾಚಿ ಹಿಡಿದು ಗಬ್ಬೆದ್ದಿದೆ. ಒಂದು ಕಲ್ಲೂ ಕಪ್ಪಗಿರಬಾರದು."

"ನಿಮ್ಮ ತಾತನ ಕಲ್ಲು ಕಪ್ಪೇ ಅಲ್ವಾ ಯಜಮಾನರೇ, ಅದನ್ನೂ ಬೆಳ್ಳಗೆ ಮಾಡ್ಲಾ?"

"ನಿನ್ನ ನಾಲಿಗೆಗೆ ಮಾತ್ರ ಪಾಚಿ ಹಿಡಿಯಲ್ಲ ನೋಡು" ಎಂದು ಅವನು ನಕ್ಕು ಹೋದ.

ಅವಳು ಮೊದಲು ಕೈ ಹಾಕಿದ್ದು ಅಮ್ಮನ ಕಲ್ಲಿಗೆ. ಯಾರು ತಾನೇ ಹಾಗೆ ಮಾಡುವುದಿಲ್ಲ? ಆಸಿಡ್ ಸುರಿದಳು. ಬುಸುಬುಸು ನೊರೆ ಬಂತು. ಬಟ್ಟೆ ಒಗೆಯುವವಳ ಮಗಳಿಗೆ ನೊರೆಗೆ ಇರುವುದು ಒಂದೇ ಅರ್ಥ, ಕೊಳೆ ಬಿಡುತ್ತಿದೆ. ತಂತಿ ಬ್ರಷ್ಷಿನಿಂದ ಉಜ್ಜಿದಳು. ಮತ್ತೆ ಸುರಿದಳು, ಮತ್ತೆ ನೊರೆ.

ಪಕ್ಕದಲ್ಲಿ ಗುಂಡಿ ತೋಡುವವನು ಗುದ್ದಲಿ ಊರಿ ನೋಡುತ್ತಿದ್ದ. "ಸಾಕು ಬಿಡೇ ಅಕ್ಕಾ, ಕೈ ಸುಟ್ಕೊಂಡೀಯ."

"ನೊರೆ ನಿಲ್ಲೋವರೆಗೂ ಉಜ್ಜಬೇಕು ಕಣೋ. ಅಮ್ಮ ಕಲಿಸಿದ್ದು ಅದನ್ನೇ."

ನೊರೆ ನಿಲ್ಲಲಿಲ್ಲ, ಏಕೆಂದರೆ ನೊರೆಯಾಗುತ್ತಿದ್ದದ್ದು ಕಲ್ಲೇ. ಕೊನೆಗೆ ನೀರು ಹೊಯ್ದಾಗ ಕಲ್ಲು ಇಸ್ತ್ರಿ ಮಾಡಿದ ಹಾಸಿನಷ್ಟು ಬೆಳ್ಳಗೆ, ನುಣ್ಣಗೆ ನಿಂತಿತ್ತು. ಒಂದಕ್ಷರವೂ ಇರಲಿಲ್ಲ. ಅವಳು ಬೆರಳಿನಿಂದ ತಡವುತ್ತಾ ಕೂತಳು. ಉಳಿದ ಕಲ್ಲುಗಳನ್ನು ಮುಟ್ಟಲಿಲ್ಲ.

ಸಮಿತಿ ಕೂತಿತು. ಪಾದ್ರಿ ಮೆಲ್ಲಗೆ ಹೇಳಿದರು, "ಅದು ಅವಳ ತಾಯಿಯದು ಅಂತ ಎಲ್ಲರಿಗೂ ಗೊತ್ತಿದೆ. ಹೆಸರು ಮತ್ತೆ ಕೆತ್ತಿಸೋಣ."

"ಗೊತ್ತಿರೋದು ಬೇರೆ, ಓದೋಕೆ ಬರೋದು ಬೇರೆ, ಅಯ್ಯನೋರೇ" ಎಂದ ಅಧ್ಯಕ್ಷ. "ಹೊಸದಾಗಿ ಕೆತ್ತಿದ್ರೆ ಅದು ಹೊಸ ಹೆಸರು. ಇವಳಿಗೆ ಬಿಟ್ಟರೆ ನಾಳೆ ಕಂಡಕಂಡವರೆಲ್ಲ ಉಳಿ ಹಿಡ್ಕೊಂಡು ಬರ್ತಾರೆ."

"ನಾನು ಓದ್ತೀನಿ ಬನ್ನಿ" ಎಂದಳು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ. "ಕಣ್ಣು ಮುಚ್ಕೊಂಡು ಓದ್ತೀನಿ."

"ಅಳಿಸಿದ್ದು ನಿನ್ನ ಕೈಯೇ ಅಲ್ವಾ, ಚಿಕ್ಕಮ್ಮಾ?" ಎಂದ ಅಧ್ಯಕ್ಷ.

ಅವಳು ತಲೆ ತಗ್ಗಿಸಿದಳು. ಆಸಿಡ್ ತಂದ ಕೈ ಮೇಜಿನ ಮೇಲೆ ಹಾಯಾಗಿ ಬಿದ್ದಿತ್ತು. ಆ ಕೈಯ ಬಗ್ಗೆ ಯಾರೂ ಕೇಳಲಿಲ್ಲ. ಪಾದ್ರಿ ಕನ್ನಡಕ ಒರೆಸಿಕೊಂಡರು. ಕನ್ನಡಕ ಒರೆಸಿಕೊಳ್ಳುವ ಒಳ್ಳೆಯವರಿಂದಲೇ ಈ ಲೋಕದ ಅರ್ಧ ಅನ್ಯಾಯ ಸಲೀಸಾಗಿ ನಡೆದುಹೋಗುತ್ತದೆ.

ಮರುವರ್ಷ ಆ ಜಾಗದಲ್ಲಿ ಒಬ್ಬ ನಿವೃತ್ತ ಮೇಷ್ಟ್ರನ್ನು ಹೂಳಿದರು. ಪಾಪ, ಒಳ್ಳೆಯ ಮನುಷ್ಯ. ಅವರ ಮಗಳು ವಾರವಾರ ಹೂ ತರುತ್ತಿದ್ದಳು. ಚಿಕ್ಕಮ್ಮ ಕೆಲಸ ಬಿಡಲಿಲ್ಲ. ಬಿಟ್ಟರೆ ಅಲ್ಲಿಗೆ ಹೋಗಲು ನೆಪವೇ ಇರುತ್ತಿರಲಿಲ್ಲ.

ಒಂದು ದಿನ ಮೇಷ್ಟ್ರ ಮಗಳು ಕೇಳಿದಳು, "ಅಜ್ಜೀ, ನಮ್ಮಪ್ಪನ ಹತ್ರ ಮಾತ್ರ ಎರಡೆರಡು ಸಲ ಗುಡಿಸ್ತೀರಲ್ಲ, ನಿಮಗೂ ಪಾಠ ಹೇಳಿದ್ರಾ?"

"ಇಲ್ಲಮ್ಮ, ಇಲ್ಲಿ ಎಲೆ ಜಾಸ್ತಿ ಬೀಳತ್ತೆ."

ಅಲ್ಲಿ ಹತ್ತಿರದಲ್ಲಿ ಮರವೇ ಇಲ್ಲ. ಆ ಹೆಣ್ಣುಮಗಳು ತಲೆಯೆತ್ತಿ ನೋಡಲಿಲ್ಲ.

ಚಿಕ್ಕಮ್ಮನನ್ನು ಹೂಳಿದ್ದು ಊರಾಚೆ, ಬಸ್ ಡಿಪೋ ಹಿಂದಿನ ಹೊಸ ಸ್ಮಶಾನದಲ್ಲಿ. ಹತ್ತು ಹನ್ನೆರಡು ಜನ ಇದ್ದೆವು. ಮೇಷ್ಟ್ರ ಮಗಳೂ ಬಂದಿದ್ದಳು. ಮಣ್ಣು ಮುಚ್ಚಿದ ಮೇಲೆ ಗುಂಡಿ ತೋಡುವವನು ಅವಳಿಗೆ ಎಲ್ಲವನ್ನೂ ಹೇಳಿದ. ಅವಳು ಅವನ ಕಡೆ ತಿರುಗಿದಳು.

"ಮೊದಲೇ ಯಾಕೆ ಹೇಳಲಿಲ್ಲ? ನಾವು ಬೇರೆ ಜಾಗ ಕೇಳ್ತಿದ್ವಲ್ಲಣ್ಣ. ಇಷ್ಟು ದಿನವೂ ಎದುರಿಗೇ ಇದ್ರು."

"ಹೇಳ್ತೀನಿ ಅಂದೆ ಕಣಮ್ಮ. ಅವಳೇ ಬಾಯಿ ಮುಚ್ಚಿಸಿದ್ಲು" ಎಂದ ಅವನು, ಗುದ್ದಲಿಯ ಮಣ್ಣು ಕೆರೆಯುತ್ತಾ. "ಆ ಮಗು ಅಪ್ಪನ ಹತ್ರ ಕೂತು ಮಾತಾಡ್ತಿರತ್ತೆ, ಅದನ್ನ ಎಬ್ಬಿಸಬೇಡ ಅಂದ್ಲು."