ಚೀಟಿ ಭಾರ್ಗವಿ

ಅಂಗಡಿಗಳಿಗೆ ಜಾಹೀರಾತು ಬರೆದುಕೊಡುವ ಸ್ವಂತ ಕಸುಬು ಹಿಡಿದ ಮೇಲೆ ಬಾಳಗಡಿಯ ಭಾರ್ಗವಿ ಕೂತಲ್ಲಿ ಕೂತವಳಲ್ಲ. ಶೃಂಗೇರಿ ಬಸ್ಸು ಹತ್ತಿದರೆ ದಾರಿಯ ಬೋರ್ಡುಗಳನ್ನೆಲ್ಲ ಮನಸ್ಸಿನಲ್ಲೇ ತಿದ್ದುತ್ತಾಳೆ. ತಾನು ಬರೆದ ಜಾಹೀರಾತಿನ ಚೀಟಿಯನ್ನು ಪಕ್ಕದ ಸೀಟಿನವರ ಕೈಗೆ ತುರುಕಿ ಅವರ ಮುಖವನ್ನೇ ನೋಡುತ್ತಾಳೆ. ಅದು ಅರಳದಿದ್ದರೆ ಚೀಟಿ ಹರಿದು, ಇಳಿಯುವಷ್ಟರಲ್ಲಿ ಇನ್ನೊಂದು ಬರೆದಿರುತ್ತಾಳೆ. ಮನೆಯ ಮಗ್ಗುಲಲ್ಲೇ ಎಸ್‌ಟಿಡಿ ಬೂತ್ ಇದ್ದರೂ ಯಾರಿಗೂ ಫೋನ್ ಮಾಡಿದವಳಲ್ಲ. ನರಸಿಂಹರಾಜಪುರದ ಬೇಕರಿಗಾದರೂ ಬಸ್ಸಿನಲ್ಲೇ ಹೋಗಿ, ಯಾರೂ ಕೇಳದ ಚೀಟಿಯನ್ನು ಗಲ್ಲಾದ ಮೇಲಿಟ್ಟು ಬರುತ್ತಾಳೆ. "ಬೇಡ ಅಂದ್ರೂ ಬಿಡೂದಿಲ್ವಲ್ಲ ಮಾರಾಯ್ತಿ! ಎಂತ ಬೇಕು ಅಂತ ಬಾಯಿಬಿಟ್ಟು ಹೇಳು" ಎಂದು ಕೊಪ್ಪದ ಮಿಕ್ಸಿ ಅಂಗಡಿಯ ರಂಗಪ್ಪ ರೇಗಿದಾಗಲೂ ಅವಳು ಚಾಚಿದ್ದು ಮತ್ತೊಂದು ಚೀಟಿಯನ್ನೇ: 'ಒಮ್ಮೆ ಮೈಕಿನಲ್ಲಿ ಕೂಗಿಸಿ ನೋಡಿ. ಗಿರಾಕಿ ಬಾರದಿದ್ದರೆ ನಾನೂ ಬರುವುದಿಲ್ಲ.' ರಂಗಪ್ಪ ನಕ್ಕು ಸೋತ. ಈಗ ಸಂತೆಯ ದಿನ ಅವನ ಅಂಗಡಿಯ ಆಟೋ ಮೈಕು ಕಟ್ಟಿಕೊಂಡು ಹೊರಟರೆ ಭಾರ್ಗವಿ ಅದರ ಹಿಂದೆಯೇ ಬಿರಬಿರನೆ ನಡೆಯುತ್ತಾಳೆ. ಚಿಕ್ಕಂದಿನಿಂದ ತನ್ನ ಹೆಸರಿನ ಮೊದಲ ಅಕ್ಷರಕ್ಕೇ ತೊದಲಿ ನಿಂತುಬಿಡುವ ಹುಡುಗಿ, ತನ್ನ ಮಾತು ಎಲ್ಲೂ ತಡವರಿಸದೆ ಪೇಟೆಯುದ್ದಕ್ಕೂ ಹೋಗುವುದನ್ನು ಕೇಳುತ್ತ, ಜೊತೆಜೊತೆಗೇ ತುಟಿಯಾಡಿಸುತ್ತಾಳೆ.