ಹೊಟ್ಟೆ ಸೀಳದ ಬಂಗಾರ

ಈ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಕೆಳಗಿನ ರಸ್ತೆಯಿಂದ ಆ ಕೂಗು ಬಂತು. ಕೂಗು ಎಂದರೆ ಈಗ ಮನುಷ್ಯರ ಕೂಗಲ್ಲ. ನೆರೂಳಿನಲ್ಲಿ ಗುಜರಿಯವರೂ ತಮ್ಮ ಗಂಟಲನ್ನು ಯಂತ್ರಕ್ಕೆ ವಹಿಸಿಕೊಟ್ಟಿದ್ದಾರೆ. ಸೈಕಲ್ಲಿನ ಹ್ಯಾಂಡಲಿಗೆ ಕಟ್ಟಿದ ಪುಟ್ಟ ಸ್ಪೀಕರು 'ಭಂಗಾರ್, ಭಂಗಾರ್‌ವಾಲಾ' ಎಂದು ಒಂದೇ ರಾಗದಲ್ಲಿ ಹೇಳುತ್ತ ಸೆಕ್ಟರು ಸುತ್ತುತ್ತದೆ. ನೀವೂ ಕನ್ನಡ ಕಿವಿಯೊಂದಿಗೆ ಈ ಕಡೆ ಬಂದವರಾದರೆ ಮೊದಲ ಸಲ ಕೇಳಿದಾಗ ಒಂದು ಕ್ಷಣ ನಿಂತಿರುತ್ತೀರಿ. ನಮಗೆ ಬಂಗಾರವೆಂದರೆ ಚಿನ್ನ, ಇಲ್ಲಿನ ಮರಾಠಿ, ಹಿಂದಿಯವರಿಗೆ ಭಂಗಾರ್ ಎಂದರೆ ಗುಜರಿ. ನಡುವೆ ಇರುವುದು ಒಂದು ಮಹಾಪ್ರಾಣ. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಒಂದು ಹೊಟ್ಟೆ ಸೀಳು. ಬ ಅಕ್ಷರದ ಹೊಟ್ಟೆ ಸೀಳಿದರೆ ಭ. ಸೀಳದಿದ್ದರೆ ಬೀರುವಿಗೆ, ಸೀಳಿದರೆ ಬೀದಿಗೆ. ನಮ್ಮ ಮನೆಯಲ್ಲಿ ಒಬ್ಬರು ಇರಬೇಕೋ ಹೋಗಬೇಕೋ ಎಂಬುದು ಒಮ್ಮೆ ಈ ಸೀಳಿನ ಮೇಲೆ ನಿಂತಿತ್ತು ಎಂದರೆ ನೀವು ನಗಬಹುದು. ನಗಿ, ನನ್ನ ಆಕ್ಷೇಪವಿಲ್ಲ. ಆದರೆ ವಾದ ಪೂರ್ತಿ ಕೇಳಿ.

ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಉಡುಪಿ ಕಡೆಯಿಂದ ಡೊಂಬಿವಲಿಗೆ ಬಂದದ್ದು ನಾನು ಹುಟ್ಟುವ ಮೊದಲು, ಹದಿನೈದು ದಿನದ ಮಟ್ಟಿಗೆ. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ಬಂದ ಮರುದಿನವೇ ಕೈಗಾಡಿಯವನೊಬ್ಬ ಕಟ್ಟಡದ ಕೆಳಗೆ ನಿಂತು ಭಂಗಾರ್ ಎಂದು ಕೂಗಿದನಂತೆ. ಅತ್ತೆ ಕುತ್ತಿಗೆಯ ಸರವನ್ನು ಸೆರಗಿನೊಳಗೆ ಸೇರಿಸಿ, ಬಾಗಿಲಿಗೆ ಚಿಲಕ ಹಾಕಿ, "ಎಂಥ ಊರು ಮಾರಾಯ ಇದು, ಬಸಳೆ ಮಾರುವವನ ಹಾಗೆ ಬಂಗಾರದವನು ಮನೆ ಬಾಗಿಲಿಗೆ ಬರ್ತಾನೆ" ಎಂದರಂತೆ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಊರಿಗೆ ಕಾಗದ ಬರೆದರು: 'ಇಲ್ಲಿ ದಿನಾ ಬೆಳಿಗ್ಗೆ ಬಂಗಾರದವನು ಬರುತ್ತಾನೆ, ತಮ್ಮನೂ ತಿಂಗಳಿಗೊಮ್ಮೆ ಏನಾದರೂ ಕೊಡುವುದುಂಟು.' ಈ ಒಂದೇ ವಾಕ್ಯದಿಂದ ನಮ್ಮ ನೆಂಟರಲ್ಲಿ ಎರಡು ಪಕ್ಷಗಳಾದವು. ತಿಂಗಳಿಗೊಮ್ಮೆ ಚಿನ್ನ ಮಾರಿ ಉಣ್ಣುವಷ್ಟು ಬಡವನಾಗಿದ್ದಾನೆ ಎಂದು ಒಂದು ಪಕ್ಷ ಮರುಗಿತು. ತಿಂಗಳಿಗೊಮ್ಮೆ ಮಾರಿದರೂ ಮುಗಿಯದಷ್ಟು ಮಾಡಿಟ್ಟಿದ್ದಾನೆ ಎಂದು ಇನ್ನೊಂದು ಪಕ್ಷ ಮದುವೆ ಸಂಬಂಧ ತಂದಿತು. ಅಪ್ಪನಿಗೆ ಆಗಲೇ ಮದುವೆಯಾಗಿತ್ತು ಎಂಬುದನ್ನು ಎರಡೂ ಪಕ್ಷಗಳು ಗಮನಿಸಲಿಲ್ಲ.

ಸಾಕ್ಷ್ಯ ಒಂದೇ, ತೀರ್ಮಾನ ಎರಡು. ಇಂಥದ್ದನ್ನು ಕಂಡರೆ ನನಗೆ ಹಬ್ಬ. ಆರನೇ ಕ್ಲಾಸಿನಿಂದ ಕಾಲೇಜು ಮುಗಿಯುವವರೆಗೆ ನಾನು ಮಾಡಿದ ಮುಖ್ಯ ಕೆಲಸ ಚರ್ಚಾಸ್ಪರ್ಧೆ. ಕಲ್ಯಾಣ, ಥಾಣೆ, ವರ್ತಕ ನಗರ, ಎಲ್ಲಿ ವೇದಿಕೆ ಇದ್ದರೆ ಅಲ್ಲಿ. ಅಪ್ಪ ತುರ್ಭೆಯ ಕಾರ್ಖಾನೆಯೊಂದರ ಕ್ಯಾಂಟೀನ್ ನೋಡಿಕೊಳ್ಳುವವರು, ಅವರಿಗೆ ರಜೆ ಇಲ್ಲ. ಅಮ್ಮನಿಗೆ ಟ್ರೈನಿನ ಗರ್ದಿ ಆಗದು. ಹೀಗಾಗಿ ನನ್ನ ಜೊತೆ ಬರುತ್ತಿದ್ದವರು ಅತ್ತೆ. ಇಂಗ್ಲಿಷಿನ, ಹಿಂದಿಯ ವಾದಗಳು ಅವರಿಗೆ ಅರ್ಥವಾಗುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಕೂತು, ನನ್ನ ಮಾತು ಮುಗಿದಾಗ ಚಪ್ಪಾಳೆ ತಟ್ಟುತ್ತಿದ್ದರು. ಎದುರು ಪಕ್ಷದವರ ಮಾತು ಮುಗಿದಾಗಲೂ ತಟ್ಟುತ್ತಿದ್ದರು. ಕೇಳಿದರೆ, "ಆ ಹುಡುಗಿಯೂ ನಿಂತೇ ಮಾತಾಡಿದ್ದಲ್ವಾ, ಕಾಲು ನೋಯುವುದಿಲ್ವಾ?" ಎನ್ನುವರು. ಬರುವಾಗ ಲೇಡೀಸ್ ಡಬ್ಬಿಯಲ್ಲಿ ಗೆದ್ದ ಕಪ್ಪನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಳ್ಳುವರು. ಪಕ್ಕದವರು ಇದು ಯಾತರದ್ದು ಎಂದು ವಿಚಾರಿಸಿದರೆ ತಮ್ಮದೇ ಹಿಂದಿಯಲ್ಲಿ ಉತ್ತರ: "ಹಮಾರಾ ಲಡ್ಕೀ ಕೋ ಜಗಡಾ ಮೇ ಪಹಿಲಾ ನಂಬರ್." ಜಗಳದಲ್ಲಿ ಮೊದಲ ಬಹುಮಾನ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದೆ. ಈಗ ಯೋಚಿಸಿದರೆ ಅದಕ್ಕಿಂತ ನಿಖರವಾದ ವಿವರಣೆ ನನಗೆ ಹೊಳೆಯುವುದಿಲ್ಲ.

ಹೋದ ವರ್ಷಕ್ಕೆ ಹಿಂದಿನ ವರ್ಷ ನಮ್ಮ ಡೊಂಬಿವಲಿಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಕೆಡವಿ, ಎತ್ತರಿಸಿ ಕಟ್ಟಿ ಕೊಡುವ ತನಕ ಎಲ್ಲರೂ ಬಾಡಿಗೆ ಮನೆ ಹುಡುಕಬೇಕು. ತುರ್ಭೆಗೆ ಹತ್ತಿರವೆಂದು ಅಪ್ಪ ನೆರೂಳಿನಲ್ಲಿ ಒಂದು ಹಾಲು, ಒಂದು ಬೆಡ್‌ರೂಮು, ಒಂದು ಅಡುಗೆಮನೆ ಹಿಡಿದರು. ಟೇಪು ಹಿಡಿದು ಅಳೆದು ಬಂದವಳು ನಾನು. ಹಾಲಿನಲ್ಲಿ ಬಾಗಿಲು, ಕಿಟಕಿ, ಸೋಫಾ ಎಲ್ಲ ಕಳೆದು ಉಳಿಯುವ ಖಾಲಿ ಗೋಡೆ ಒಂದೇ, ಆರೂವರೆ ಅಡಿ. ಅಲ್ಲಿ ಅತ್ತೆಯ ಮಂಚ. ಮಂಚದ ಕೆಳಗೆ ಟ್ರಂಕು, ಅಕ್ಕಿ ಡಬ್ಬ, ನೀರಿನ ಡ್ರಮ್ಮು. ನಕ್ಷೆಯಲ್ಲಿ ಎಲ್ಲಕ್ಕೂ ಹೆಸರು ಬರೆದಿದ್ದೆ, ಗಾಳಿಗೊಂದನ್ನು ಬಿಟ್ಟು.

ಮಂಚ ಅಲ್ಲಿ ಹಿಡಿಸದಿದ್ದರೆ ಅತ್ತೆಗೆ ಕಲ್ಯಾಣದ ಚಿಕ್ಕಪ್ಪನ ಮನೆಯೇ ಗತಿ. ಅಲ್ಲಿ ಅವರಿಗೆ ಸಿಗುವ ಜಾಗ ಪ್ಯಾಸೇಜಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ. ಅತ್ತೆ ಅದನ್ನು ದೂರುತ್ತಿರಲಿಲ್ಲ. "ಕಲ್ಯಾಣದಲ್ಲಿ ನೀರು ಬರುವ ಹೊತ್ತು ಸರಿ ಇಲ್ಲ" ಎಂದಷ್ಟೇ ಹೇಳುತ್ತಿದ್ದರು. ನಿಜ ಬೇರೆ. ಆ ಮನೆಯಲ್ಲಿ ಕಾಫಿ ಕೊಡುವ ಮೊದಲು 'ಎಷ್ಟು ದಿನ ಇರ್ತೀರಿ' ಎಂದು ಕೇಳುತ್ತಾರೆ.

ಆದ್ದರಿಂದ ಸಾಮಾನು ಇಳಿಸಬೇಕಿತ್ತು. ಮನೆ ಖಾಲಿ ಮಾಡುವ ಬಗ್ಗೆ ಉಪದೇಶಿಸುವ ವಿಡಿಯೋಗಳನ್ನು ನಾನೂ ನೋಡಿದೆ. ಬಿಳಿ ಕೋಣೆಯಲ್ಲಿ ಒಬ್ಬಾಕೆ, ಒಂದು ಗಿಡ, ಒಂದು ಲೋಟ. ಈಕೆಯ ಕುಕ್ಕರು ಎಲ್ಲಿದೆ, ಗಣಪತಿ ಹಬ್ಬದ ದೊಡ್ಡ ಪಾತ್ರೆ ಎಲ್ಲಿದೆ, ಒದ್ದೆ ಛತ್ರಿ ಎಲ್ಲಿ ಒಣಗುತ್ತದೆ ಎಂಬ ನನ್ನ ಪ್ರಶ್ನೆಗಳಿಗೆ ಆಕೆ ಉತ್ತರಿಸಲಿಲ್ಲ. ಆದರೂ ಒಂದು ನಿಯಮ ಎರವಲು ತಂದೆ: ಒಂದು ವರ್ಷದಿಂದ ಮುಟ್ಟದ್ದು ಹೊರಗೆ. ಅಡುಗೆಮನೆ ಅಮ್ಮನಿಗೆ, ಅಟ್ಟ ಅತ್ತೆಗೆ ಹಂಚಿದೆ. ಅತ್ತೆಯ ಅಕ್ಷರ ದುಂಡಗೆ, ರಟ್ಟಿನ ಪೆಟ್ಟಿಗೆಗಳ ಮೇಲೆ ಬರೆಯುವ ಮಾರ್ಕರ್ ಅವರ ಕೈಗೆ ಕೊಟ್ಟು ಹೇಳಿದೆ, "ಒಯ್ಯುವುದಕ್ಕೆ ಬೇಕು ಅಂತ ಬರೀರಿ. ಬಿಸಾಡುವುದಕ್ಕೆ ಭಂಗಾರ."

ಮೂರು ದಿನದ ಮೇಲೆ ಹೊರಬಾಗಿಲ ಬಳಿ ಏಳು ಪೆಟ್ಟಿಗೆಗಳು ಸಾಲಾಗಿ ಕೂತಿದ್ದವು, ಅಂಟುಪಟ್ಟಿ ಸುತ್ತಿಸಿಕೊಂಡು. ಏಳರ ಮೇಲೂ ದುಂಡಗಿನ ಅಕ್ಷರ. ಭಂಗಾರ್‌ವಾಲಾನನ್ನು ಮೇಲೆ ಕರೆದೆ. ಅವನು ಮೊದಲ ಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ಅತ್ತೆ ಬಂದು ಅದರ ಮೇಲೆ ಕೂತುಬಿಟ್ಟರು.

"ಎಂತ ಬರ್ದದ್ದು ಇದರಲ್ಲಿ? ಓದು."

ಓದಿದೆ. ಬಂಗಾರ. ಹೊಟ್ಟೆ ಸೀಳಿರಲಿಲ್ಲ.

"ಬಂಗಾರವನ್ನು ಯಾರಾದ್ರೂ ಗುಜರಿಗೆ ಹಾಕ್ತಾರಾ?" ಎಂದರು ಅತ್ತೆ.

ನಾನು ಮೂರು ಅಂಶ ಎತ್ತಿದೆ. ಒಂದು, ಬೇಕಾದ ಪೆಟ್ಟಿಗೆಗೆ ಬೇಕು ಎಂದು ಬರೆಯಬೇಕೆಂಬ ಒಪ್ಪಂದವಿತ್ತು. ಎರಡು, ನಮ್ಮ ಮನೆಯಲ್ಲಿ ಏಳು ಪೆಟ್ಟಿಗೆ ಚಿನ್ನ ಇದ್ದಿದ್ದರೆ ನಾವು ನೆರೂಳಿನಲ್ಲಿ ಬಾಡಿಗೆಗೆ ಹೋಗುತ್ತಿರಲಿಲ್ಲ. ಮೂರು, "ನೀವು ಮಾತಾಡುವಾಗಲೂ ಭಾನುವಾರಕ್ಕೆ ಬಾನುವಾರ ಅಂತೀರಿ, ಭಕ್ತಿಗೆ ಬಕ್ತಿ ಅಂತೀರಿ. ಹಾಗಾದರೆ ಇದು ಭಂಗಾರವೇ."

"ಬಾನುವಾರ ಅಂದ್ರೂ ಬರುವುದು ಬಾನುವಾರವೇ ಅಲ್ವಾ ಮಾರಾಯ್ತಿ? ಹೊಟ್ಟೆ ಸೀಳ್ಲಿಲ್ಲ ಅಂತ ಸೋಮವಾರ ಬಂತಾ?"

ಹತ್ತು ವರ್ಷ ವೇದಿಕೆಯ ಮೇಲೆ ನಿಂತವಳು ನಾನು. ತೀರ್ಪಿಗಾಗಿ ಅಪ್ಪನ ಕಡೆ ನೋಡಿದೆ. "ಅಕ್ಕ ಬರ್ದದ್ದು ಅಕ್ಕನಿಗೇ ಗೊತ್ತು" ಎಂದು ಅವರು ಟವೆಲ್ಲು ತೆಗೆದುಕೊಂಡು ಸ್ನಾನಕ್ಕೆ ಹೋದರು. ಅದು ಆ ದಿನದ ಎರಡನೇ ಸ್ನಾನ. ಭಂಗಾರ್‌ವಾಲಾ, ನೀವು ನಿರ್ಧರಿಸಿ, ನಾನು ಕೆಳಗೆ ಬೀಡಿ ಸೇದುತ್ತಿರುತ್ತೇನೆ ಎಂದು ಇಳಿದುಹೋದ.

ಸೋಲುವವರು ಕೊನೆಗೆ ಹಿಡಿಯುವ ಅಸ್ತ್ರವೊಂದಿದೆ: ಎರಡರಲ್ಲಿ ಒಂದು. ಅದನ್ನೇ ಹಿಡಿದೆ. "ಅತ್ತೆ, ಅಲ್ಲಿರುವುದು ಒಂದೇ ಗೋಡೆ. ಈ ಏಳು ಪೆಟ್ಟಿಗೆ ಬಂದರೆ ನಿಮ್ಮ ಮಂಚ ಬರುವುದಿಲ್ಲ. ಮಂಚ ಬಂದರೆ ಪೆಟ್ಟಿಗೆ ಇಲ್ಲ. ನೀವೇ ಹೇಳಿ."

ಮನುಷ್ಯರಾದವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು, ಅದಕ್ಕೇ ಆ ಧೈರ್ಯ. ಅತ್ತೆ ಪೆಟ್ಟಿಗೆಯ ಮೇಲೆ ಕೂತಲ್ಲಿಂದಲೇ ಏಳನ್ನೂ ಎಣಿಸಿದರು.

"ಹಾಗಾದ್ರೆ ಇವನ್ನು ತಕೊಂಡು ಹೋಗಿ. ನಾನು ಕಲ್ಯಾಣಕ್ಕೆ ಹೋಗ್ತೇನೆ."

ಕೋಪದಲ್ಲಿ ಹೇಳಿದ್ದರೆ ನನಗೆ ಸುಲಭವಿತ್ತು. ಅವರು ಸಾವಕಾಶವಾಗಿ ಎದ್ದು, ಮೊಬೈಲು ಹುಡುಕಿ, ಚಿಕ್ಕಪ್ಪನಿಗೆ ಫೋನು ಮಾಡಿದರು. ಆ ಕಡೆಯಿಂದ ಬಂದ ಪ್ರಶ್ನೆ ನಮಗೆಲ್ಲ ಕೇಳಿಸಿತು, ಏಕೆಂದರೆ ಅತ್ತೆಯ ಫೋನು ಸದಾ ಸ್ಪೀಕರಿನಲ್ಲಿ. ಎಷ್ಟು ದಿನ?

"ಹದಿನೈದು ದಿನ" ಎಂದರು ಅತ್ತೆ.

ಬಚ್ಚಲಿನಲ್ಲಿ ನೀರಿನ ಸದ್ದು ನಿಂತಿತು. ಅಮ್ಮ ಅಡುಗೆಮನೆಯಿಂದ ಬಂದು ನನ್ನನ್ನು ನೋಡಿದಳು. ಅವಳು ಏನಾದರೂ ಹೇಳಿದ್ದರೆ ನಾನು ಖಂಡಿಸಬಹುದಿತ್ತು.

ಮನುಷ್ಯರೊಬ್ಬರಿಗಿಂತ ಹೆಚ್ಚಾದದ್ದು ಈ ಪೆಟ್ಟಿಗೆಗಳಲ್ಲಿ ಏನಿದೆ ಎಂದು ನೋಡಲೇಬೇಕಿತ್ತು. ಚಾಕು ತಂದು ಮೊದಲನೆಯದರ ಅಂಟುಪಟ್ಟಿ ಕೊಯ್ದೆ. ಒಳಗೆ ನನ್ನ ಕಪ್ಪುಗಳು. ಎರಡನೆಯದನ್ನು ಕೊಯ್ದೆ, ನನ್ನ ಶೀಲ್ಡುಗಳು. ಏಳರಲ್ಲೂ ನಾನೇ. ಚಿನ್ನದ ಬಣ್ಣದ ಪ್ಲಾಸ್ಟಿಕ್ಕು, ಮರದ ಹಾಗೆ ಕಾಣುವ ರಟ್ಟು, ನನ್ನ ಹೆಸರನ್ನು ನಾಲ್ಕು ಬಗೆಯಲ್ಲಿ ತಪ್ಪಾಗಿ ಕೆತ್ತಿದ ತಗಡುಗಳು. 'ಭಾಗವಹಿಸಿದ್ದಕ್ಕಾಗಿ' ಎಂಬ ಒಂದನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು. ವರ್ಷದಿಂದ ಮುಟ್ಟದ್ದು ಹೊರಗೆ ಎಂದು ಮನೆಯವರೆಲ್ಲರ ಬಟ್ಟೆ, ಪಾತ್ರೆ, ಪುಸ್ತಕಗಳ ಮೇಲೆ ತೀರ್ಪು ಕೊಟ್ಟವಳು ಅಟ್ಟದಲ್ಲಿ ಇಷ್ಟು ಜಾಗ ಹಿಡಿದು ಕೂತಿರುವುದು ನನಗೇ ನೆನಪಿರಲಿಲ್ಲ.

"ಅತ್ತೆ, ನಿಜ ಹೇಳಿ. ಇದು ಯಾವ ಬ?"

"ನಂಗೆ ಹೊಟ್ಟೆ ಸೀಳುವುದೆಲ್ಲ ಬರುವುದಿಲ್ಲ. ಹಳದಿ ಹಳದಿ ಹೊಳೀತಿತ್ತು, ಬರ್ದೆ."

ಅಪ್ಪ ಬಚ್ಚಲಿನಿಂದ ಹೊರಬರುವ ಮೊದಲೇ ನಾನು ಎರಡು ಪೆಟ್ಟಿಗೆ ಎತ್ತಿಕೊಂಡು ಮೂರು ಮಾಳಿಗೆ ಇಳಿದಿದ್ದೆ. ಏಳೂ ಇಳಿಯಲು ನಾಲ್ಕು ಸುತ್ತು ಬೇಕಾಯಿತು. ಲಿಫ್ಟು ಇಲ್ಲದ ಕಟ್ಟಡ ಕೆಡವುವುದು ನ್ಯಾಯವೇ ಎಂದು ಮೊದಲ ಸಲ ಅನ್ನಿಸಿತು.

ಭಂಗಾರ್‌ವಾಲಾ ಒಂದು ಕಪ್ಪನ್ನು ಎತ್ತಿ, ಉಗುರಿನಿಂದ ಟಕಟಕ ಮಾಡಿ, ಕೆಳಗಿಟ್ಟ. "ಮೇಡಮ್, ಯೇ ಭಂಗಾರ್ ನಹೀ ಹೈ."

ನನಗೆ ಸರಿಯಾಗಿ ಕೇಳಿಸಲಿಲ್ಲವೆಂದುಕೊಂಡೆ. ಅವನು ತಾಳ್ಮೆಯಿಂದ ವಿವರಿಸಿದ. ಕಬ್ಬಿಣವಾದರೆ ಕಬ್ಬಿಣದವರು ಕೊಳ್ಳುತ್ತಾರೆ, ಪ್ಲಾಸ್ಟಿಕ್ಕಾದರೆ ಪ್ಲಾಸ್ಟಿಕ್ಕಿನವರು. ಇದು ಪ್ಲಾಸ್ಟಿಕ್ಕಿಗೆ ತಗಡು, ತಗಡಿಗೆ ರಟ್ಟು, ರಟ್ಟಿಗೆ ಕಲ್ಲು ಅಂಟಿಸಿದ್ದು. ಬಿಡಿಸುವ ಕೂಲಿ ಕೂಡ ಹುಟ್ಟುವುದಿಲ್ಲ. ಭಂಗಾರ್ ಎಂದರೆ ಅದಕ್ಕೊಂದು ಕಿಮ್ಮತ್ತು ಇರಬೇಕು. ಇದು ಬರೀ ಕಚರಾ, ಕಸ.

ಅಂದರೆ ಗುಜರಿಯ ಕೆಳಗೂ ಇನ್ನೊಂದು ದರ್ಜೆಯಿದೆ, ನಾನು ಅದರಲ್ಲಿದ್ದೆ. ಮೇಲೆ ಅತ್ತೆ ಚೀಲಕ್ಕೆ ಸೀರೆ ತುಂಬುತ್ತಿದ್ದರು. ನಾನು ಸೊಂಟಕ್ಕೆ ದುಪಟ್ಟಾ ಸುತ್ತಿಕೊಂಡು ವಾದಕ್ಕೆ ನಿಂತೆ. ತಗಡು ಬಿಡಿಸಿದರೆ ತಗಡಲ್ಲವೇ? ಕಲ್ಲು ಹೂಕುಂಡಕ್ಕಾಗದೇ? ನಮ್ಮ ಕೆಟ್ಟ ಫ್ಯಾನು, ಎರಡು ಬಾಲ್ದಿ, ಇಸ್ತ್ರಿ ಪೆಟ್ಟಿಗೆ ಇದರ ಜೊತೆ ಹೋಗುವುದಾದರೆ ಒಟ್ಟಾರೆ ಅದು ಭಂಗಾರವೇ ಆಗುವುದಿಲ್ಲವೇ? ಈ ಕಪ್ಪುಗಳಿಗೆ ಯಾವ ಗೌರವವೂ ಇಲ್ಲವೆಂದು, ಎಷ್ಟೋ ಕಡೆ ಎದುರು ಪಕ್ಷದವರು ಬರದೇ ಇದ್ದುದರಿಂದ ಸಿಕ್ಕವೆಂದು, ಒಂದೊಂದನ್ನೇ ಎತ್ತಿ ಹಿಡಿದು ಸಾಕ್ಷಿ ಸಮೇತ ತೋರಿಸಿದೆ. ವಾಚ್‌ಮನ್ ಕುರ್ಚಿ ಎಳೆದುಕೊಂಡು ಕೂತ. ಕಡೆಗೆ ಭಂಗಾರ್‌ವಾಲಾ ಎರಡೂ ಕೈ ಎತ್ತಿದ. ಎಲ್ಲವನ್ನೂ ಒಯ್ಯುತ್ತೇನೆ, ನೀವು ಮಾತು ನಿಲ್ಲಿಸಿ, ಅಷ್ಟೇ ಸಾಕು ಎಂದ.

ನನ್ನ ಬದುಕಿನ ಅತ್ಯುತ್ತಮ ವಾದ ಅದು: ನನ್ನ ಗೆಲುವುಗಳಿಗೆ ಮೂರು ಕಾಸಿನ ಬೆಲೆಯಿಲ್ಲವೆಂದು ಒಬ್ಬ ತಜ್ಞನ ಮುಂದೆ ಸಾಬೀತುಮಾಡಿದ್ದು. ಅದಕ್ಕೆ ಕಪ್ಪು ಕೊಡುವವರು ಯಾರೂ ಅಲ್ಲಿರಲಿಲ್ಲ. ಗಾಡಿ ಗೇಟು ದಾಟುವಾಗ ಮೂರನೇ ಮಾಳಿಗೆಯ ಕಿಟಕಿಯಿಂದ ಅತ್ತೆಯ ಸ್ವರ ಬಂತು. "ಅದರಲ್ಲಿ ಒಂದಕ್ಕೆ ಮುಚ್ಚಳ ಇತ್ತು ಮಾರಾಯ್ತಿ. ಸಾಸಿವೆ ಹಾಕಬಹುದಿತ್ತು."

ಮೇಲೆ ಹೋಗಿ ಅವರ ಚೀಲದಿಂದ ಸೀರೆಗಳನ್ನು ಹೊರಗೆ ತೆಗೆದೆ. ಅವರು ಒಳಗೆ ಹಾಕಿದರು. ನಾನು ತೆಗೆದೆ. ಅಪ್ಪ ಕಲ್ಯಾಣಕ್ಕೆ ಫೋನು ಮಾಡಿ, ಅಕ್ಕ ಬರುವುದಿಲ್ಲ ಎಂದು ಹೇಳಿ, ಕಾರಣ ಕೇಳುವ ಮೊದಲೇ ಇಟ್ಟುಬಿಟ್ಟರು. ಆಮೇಲೆ ಅತ್ತೆ ಸೀರೆಗಳನ್ನು ಅಲ್ಲಿಯೇ ಬಿಟ್ಟು, ಅನ್ನಕ್ಕಿಡಲು ಹೋದರು.

ಹೀಗೆ ಮಂಚ ನೆರೂಳಿಗೆ ಬಂತು. ಆರೂವರೆ ಅಡಿಯ ಗೋಡೆಗೆ ಸರಿಯಾಗಿ ಕೂತಿತು, ನನ್ನ ಲೆಕ್ಕಾಚಾರದಲ್ಲಿ ಒಂದಂಗುಲವೂ ತಪ್ಪಿರಲಿಲ್ಲ. ಆದರೆ ನಾನು ಬಾಗಿಲನ್ನು ಅಳೆದದ್ದು ಮುಚ್ಚಿದ್ದಾಗ. ಅದು ಒಳಗೆ ತೆರೆದುಕೊಳ್ಳುವ ಬಾಗಿಲು. ತೆರೆದರೆ ಅರ್ಧ ದಾರಿಯಲ್ಲಿ ಮಂಚದ ಕಾಲಿಗೆ ತಾಗಿ ನಿಲ್ಲುತ್ತದೆ. ಅಂದಿನಿಂದ ನಮ್ಮ ಮನೆಗೆ ಬರುವವರೆಲ್ಲ ಅಡ್ಡಡ್ಡ ಬರುತ್ತಾರೆ. ಅಪ್ಪ ಉಸಿರು ಒಳಗೆಳೆದುಕೊಂಡು ಬರುತ್ತಾರೆ. ಬಾಡಿಗೆ ಕೇಳಲು ಬಂದ ಮಾಲೀಕರು ಒಮ್ಮೆ ಸಿಕ್ಕಿಕೊಂಡು, ಅಲ್ಲಿಯೇ ನಿಂತು ಚಹಾ ಕುಡಿದು ಹೋದರು. ಪ್ರತಿಯೊಬ್ಬರೂ ಅತ್ತೆಯ ಪಾದಗಳ ಪಕ್ಕದಿಂದಲೇ ತೂರಬೇಕಾದ್ದರಿಂದ, ಯಾರು ಬಂದರು, ಎಂತಕ್ಕೆ ಬಂದರು, ಊಟ ಆಯಿತೇ ಎಂಬುದೆಲ್ಲ ಹೊಸ್ತಿಲಲ್ಲಿಯೇ ತೀರ್ಮಾನವಾಗುತ್ತದೆ. ಎಷ್ಟು ದಿನ ಇರುತ್ತೀರಿ ಎಂದು ಮಾತ್ರ ಅವರು ಯಾರನ್ನೂ ಕೇಳಿದ್ದಿಲ್ಲ.

ಇವತ್ತು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ಕೊರಿಯರಿನವನು ಆಳೆತ್ತರದ ಪೆಟ್ಟಿಗೆಯೊಂದನ್ನು ಬಾಗಿಲಿಗೆ ಒತ್ತಿ, ತಿರುಗಿಸಿ, ಮಲಗಿಸಿ, ನಿಲ್ಲಿಸಿ ನೋಡುತ್ತಿದ್ದ. ನಾನೇ ತರಿಸಿದ್ದು, ಸಾಮಾನು ಒಪ್ಪವಾಗಿಡಲು ಒಂದು ರ‍್ಯಾಕು. ಪೆಟ್ಟಿಗೆಯನ್ನು ಹೊರಗೇ ಒಡೆದು ಹಲಗೆಗಳನ್ನು ಒಂದೊಂದಾಗಿ ತೂರಿಸಬಹುದು, ಕಿಟಕಿಯಿಂದಲೂ ತರಬಹುದು, ಬೇಕಾದರೆ ಮಂಚವನ್ನು ಹತ್ತು ನಿಮಿಷ ನಿಲ್ಲಿಸಬಹುದು. ಮೂರೂ ಅಂಶಗಳು ನಾಲಗೆಯ ತುದಿಯಲ್ಲಿದ್ದವು.

ಅತ್ತೆ ಮಲಗಿದ್ದಲ್ಲಿಂದ ಏಳಲಿಲ್ಲ, ಕಾಲು ಕೂಡ ಮಡಚಲಿಲ್ಲ. "ಜಾಗಾ ನಹೀ ಬಯ್ಯಾ" ಎಂದರು. "ಇದರ್ ಮೈ ಹೈ." ಇಲ್ಲಿ ನಾನಿದ್ದೇನೆ.

ಅವನು ನನ್ನ ಮುಖ ನೋಡಿದ.

"ಹೌದು" ಎಂದೆ, ಕನ್ನಡದಲ್ಲಿಯೇ. ಅವನಿಗೆ ಅರ್ಥವಾಯಿತು, ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡು ಲಿಫ್ಟಿನ ಕಡೆ ಹೋದ.