ಮಾನಮ್ಮ ಕೇಳಿಬಿಟ್ಟ ಮಾತು

ಮುಂಬೈ ಹತ್ತಿರದ ಕಲ್ಯಾಣದ ಕಟ್ಟಡಗಳಲ್ಲಿ ಇಪ್ಪತ್ತು ವರ್ಷ ಬುಟ್ಟಿ ಹೊತ್ತ ಮಾನಮ್ಮನಿಗೆ ಓದು ಬಾರದು. ಆದರೆ ಮಾತಿಗೆ ನಿಂತರೆ ಕೂಲಿಯವರ ಮೇಸ್ತ್ರಿ ಮುಕಾದಮನೇ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಅಂಥವಳೂ ಒಂದು ಕಡೆ ಎಡವಿದ್ದಳು. ಹದಿನೇಳರ ತಮ್ಮ ಅನಿಲಕುಮಾರನನ್ನು ರಾಯಚೂರಿನಿಂದ ಕರೆತಂದು ವಾಶಿ ಮಾರ್ಕೆಟ್ಟಿನ ಹಮಾಲಿಗೆ ಹಚ್ಚಿದಾಗ, ರೈಲಿನ ಬಾಗಿಲಲ್ಲಿ ನಿಲ್ಲಬೇಡ, ಜೇಬು ಹುಷಾರು ಎಂದು ಹೇಳಿದ್ದೇ ಹೇಳಿದ್ದು. ಮೀಸೆ ಚಿಗುರುವ ಹುಡುಗರು ಹತ್ತು ಮಂದಿ ಒಂದೇ ಖೋಲಿಯಲ್ಲಿರುವಾಗ ಯಾರು ಎಲ್ಲಿಗೆ ಕರೆಯುತ್ತಾರೆ, ಹೋದರೆ ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅಕ್ಕ ತಮ್ಮನಿಗೆ ಹೇಳುವ ಮಾತೇ ಅದು?

ತಮ್ಮನಿಗೆ ಇಪ್ಪತ್ತೈದಾಯಿತು, ಮಗಳು ನಿಶಾಗೆ ಇಪ್ಪತ್ತು. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಅವರಲ್ಲಿ ನಡೆದುಬಂದ ಪದ್ಧತಿ. ನಿಶಾಗೂ ಒಪ್ಪಿಗೆಯೇ. ಗೊತ್ತಿರುವ ಮನೆ, ವಿಚಾರಿಸುವುದೇನಿದೆ?

ಅಷ್ಟರಲ್ಲಿ ಸೈಟಿಗೆ ಸಂಸ್ಥೆಯೊಂದರ ಹೆಣ್ಣುಮಗಳು ಬಂದು ಎಚ್‌ಐವಿ ಬಗ್ಗೆ ಹೇಳಿದಳು. ಮೈ ಗಟ್ಟಿಮುಟ್ಟಾಗಿದ್ದರೆ ಸೋಂಕಿಲ್ಲ ಎಂದಲ್ಲ. ಮನೆ ಬಿಟ್ಟು ಬಂದ ಹರೆಯದವರಿಗೆ ತಿಳಿಸುವವರಿಲ್ಲ, ಕೇಳಲು ನಾಚಿಕೆ, ಗೆಳೆಯರ ಮುಂದೆ ಅಂಜುಬುರುಕ ಅನ್ನಿಸಿಕೊಳ್ಳಲು ಇನ್ನೂ ನಾಚಿಕೆ. ಮಾನಮ್ಮನಿಗೆ ಅನಿಲನ ಖೋಲಿ ನೆನಪಾಯಿತು.

ಮಾತುಕತೆಯ ದಿನ, ಎಲೆ-ಅಡಿಕೆ ಕೈ ಬದಲಾಗುವ ಮೊದಲೇ ಕೇಳಿಬಿಟ್ಟಳು. "ಇಬ್ರೂ ರಕ್ತ ತೋರಿಸ್ಕೊಂಡು ಬರ್ಲಿ. ಆಮ್ಯಾಲೆ ತಾರೀಕು."

ಗಂಡ ಯಂಕಣ್ಣ ಕೆಂಡಾಮಂಡಲವಾದ. "ಒಡಹುಟ್ಟಿದ ತಮ್ಮನ ಮ್ಯಾಲೆ ನಂಬಿಕಿ ಇಲ್ಲೇನು ನಿನಗ?"

"ನಂಬಿಕಿ ಐತಿ. ರಕ್ತದಾಗ ಏನೈತಿ ಅನ್ನೂದು ನಂಬಿಕಿಗೆ ಕಾಣಂಗಿಲ್ಲ."

"ಮೈಂ ಭೀ ಕರಾ ಲೂಂಗೀ, ಅವ್ವಾ," ನಾನೂ ಮಾಡಿಸಿಕೊಳ್ಳುತ್ತೇನೆ ಎಂದು ಮುಂಬೈ ಹಿಂದಿಯಲ್ಲೇ ಹೇಳಿದಳು ನಿಶಾ. ಹುಡುಗಿಯೇ ತಯಾರಾದ ಮೇಲೆ ಅನಿಲ ಹಿಂದೆಗೆಯುವುದು ಹೇಗೆ?

ವಾರದ ನಂತರ ಅವನೊಬ್ಬನೇ ಬಂದು ಅಕ್ಕನ ಮುಂದೆ ಕುಸಿದು ಕೂತ. ಸೋಂಕು ಇತ್ತು. "ಹದಿನೆಂಟಕ್ಕ ಗೆಳ್ಯಾರ ಜೋಡಿ ಆ ಹೆಂಗಸರ ಓಣಿಗೆ ಹೋಗಿದ್ದೆ ಅಕ್ಕಾ. ನನಗೇನೂ ಗೊತ್ತಿರಲಿಲ್ಲ. ಮಂದಿಗೆ ಹೇಳಬ್ಯಾಡ."

ಮಾನಮ್ಮ ಅತ್ತಳು, ಬೈಯಲಿಲ್ಲ. ಹೇಳಬೇಕಾದಾಗ ಹೇಳದವಳು ಈಗ ಯಾವ ಬಾಯಲ್ಲಿ ಬೈಯಬೇಕು? ಮರುದಿನ ಕೂಲಿ ಬಿಟ್ಟು ಅವನ ಜೊತೆ ಆಸ್ಪತ್ರೆಗೆ ಹೋದಳು. ತಪ್ಪದೆ ದಿನಾ ಗುಳಿಗೆ ನುಂಗಿದರೆ ಎಲ್ಲರ ಹಾಗೆ ಬಾಳಬಹುದು ಎಂದರು ಡಾಕ್ಟರು.

ಮದುವೆ ಮಾತು ಅಲ್ಲಿಗೇ ನಿಂತಿತು. ನಿಶಾಗೆ ಅನಿಲ ತಾನೇ ಹೇಳಿದ. ಅವಳೂ ಅದನ್ನು ಯಾರಿಗೂ ಬಾಯಿ ಬಿಡಲಿಲ್ಲ. ಯಾಕೆ ಎಂದವರಿಗೆಲ್ಲ, ಗಂಡನಿಗೂ, ಮಾನಮ್ಮನದು ಒಂದೇ ಉತ್ತರ: "ನಾನ ಬ್ಯಾಡಂದೆ." ತವರು ಮುರಿದವಳು, ಮುಂಬೈ ನೀರು ಕುಡಿದು ಸೊಕ್ಕಿದವಳು ಎಂದು ಬಳಗ ಆಡಿಕೊಂಡಿತು. ಎರಡು ವರ್ಷ ಅನ್ನಿಸಿಕೊಂಡಳು, ಪುಣ್ಯಾತ್ಗಿತ್ತಿ.

ಕಳೆದ ಶ್ರಾವಣದಲ್ಲಿ ಬಳಗವೆಲ್ಲ ಅವಳ ಮನೆಯಲ್ಲಿ ಊಟಕ್ಕೆ ಕೂತಾಗ ಮತ್ತೆ ಅದೇ ಚುಚ್ಚುಮಾತು. ಅನಿಲ ತುತ್ತು ಬಿಟ್ಟು ತಲೆ ಎತ್ತಿದ.

"ಅಕ್ಕನ್ನ ಅನಬ್ಯಾಡ್ರಿ. ಎಚ್‌ಐವಿ ನನಗೈತಿ. ಆಕಿ ಕೇಳಿದ್ದಕ್ಕ ನಾ ಬದುಕೀನಿ, ನಿಶಾ ಉಳದಾಳ."

ಯಾರ ಕೈಯೂ ಬಾಯಿಗೆ ಹೋಗಲಿಲ್ಲ. ಮಾನಮ್ಮ ಬಂದು ತಮ್ಮನ ಪಕ್ಕ ಕೂತು, ಅವನ ತಾಟಿನ ರೊಟ್ಟಿಯನ್ನೇ ಮುರಿದು ಬಾಯಿಗಿಟ್ಟಳು.

"ಕೇಳಿದ್ರಿಲ್ಲ ಎಲ್ಲಾರೂ? ಇಂವ ನನ್ನ ತಮ್ಮ!"